ಮೂವತ್ತೊಂದನೆಯ ಬಿರುದು

ಮಚ್ಚು ನನ್ನ ಕುತ್ತಿಗೆಯ ಮೇಲಿತ್ತು.

ಕಾಂಡ್ಲಾ ಗಿಡ ಕಡಿಯುವ, ಮೊಳದುದ್ದದ ಮಚ್ಚು! ಹಿಡಿದವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಊರೆಲ್ಲ ಅವನನ್ನು ಬೋಳ ಅಂತಲೇ ಕರೆಯುತ್ತಿತ್ತು.

"ಅಲ್ಲಾಡಿದ್ಯೋ... ಸೀಗಡಿ ಜೊತೆ ಅರೆದು ಉಂಡೆ ಕಟ್ತೀನಿ," ಅಂದ.

ಬರೀ ಬಾಯಿಮಾತಲ್ಲ. ನಾವು ನಿಂತಿದ್ದದ್ದು ಬೆಲಾಚಾನ್ ಶೆಡ್‌ನಲ್ಲಿ. ಸೀಗಡಿಗೆ ಉಪ್ಪು ಬೆರೆಸಿ, ಕೊಳೆಸಿ, ಅರೆದು ಮುದ್ದೆ ಮಾಡುವ ಜಾಗ. ನನ್ನ ಬೆನ್ನ ಹಿಂದೆಯೇ ಅರೆಯುವ ಯಂತ್ರ ಗಡಗಡ ಓಡುತ್ತಿತ್ತು.

ಮಚ್ಚು ಮೇಲೆದ್ದಿತು.

ನಾನು ಕಣ್ಣು ಮುಚ್ಚಿದೆ.

ಅಷ್ಟರಲ್ಲಿ ಮೂಲೆಯಿಂದ ಒಂದು ಮುದಿ ದನಿ ಎದ್ದಿತು.

"ಏಳು ಅಳಿವೆಗಳ ಒಡತಿ... ಹೊನ್ನ ಕಠಾರಿ ಮಹಾತಾರೆ, ಪ್ರಥಮ ದರ್ಜೆ..."

ಬೋಳ ಕಲ್ಲಾದ! ಮಚ್ಚು ಗಾಳಿಯಲ್ಲೇ ನಿಂತಿತು.

ನಾನೂ ಕಲ್ಲಾದೆ.

ನೀವು ನಗಬಹುದು. ಆದರೆ ನಮ್ಮ ತಂಜುಂಗ್ ಸೆರಾಯ್ ಸಂಸ್ಥಾನದಲ್ಲಿ ಹುಟ್ಟಿದ ಯಾವನೂ ರಾಣಿಯ ಬಿರುದಾವಳಿ ಕಿವಿಗೆ ಬಿದ್ದ ಮೇಲೆ ಕದಲುವುದಿಲ್ಲ. ಕೂತವನು ಎದ್ದು ನಿಲ್ಲಬೇಕು. ನಿಂತವನು ನಿಂತಲ್ಲೇ ಇರಬೇಕು. ಆಯುಧ ಬೀಸಿದರಂತೂ ಮುಗಿಯಿತು, ರಾಜಶಾಪ ತಟ್ಟಿ ಹೊಟ್ಟೆ ಊದಿಕೊಳ್ಳುತ್ತದೆ ಅಂತ ಅಜ್ಜಿಯರು ಗಂಜಿಯ ಜೊತೆಗೇ ಕಲಿಸಿರುತ್ತಾರೆ. ನಾನು ಹದಿನೆಂಟು ವರ್ಷ ಪೊಲೀಸ್ ಸಾರ್ಜೆಂಟ್ ಆಗಿದ್ದವನು, ಈಗ ಖಾಸಗಿ ಪತ್ತೇದಾರ. ದೆವ್ವ ನಂಬುವುದಿಲ್ಲ. ಮಂತ್ರಿಗಳನ್ನು ಮೊದಲೇ ನಂಬುವುದಿಲ್ಲ. ಆದರೆ ಹೊಟ್ಟೆಯ ವಿಷಯದಲ್ಲಿ ರಿಸ್ಕ್ ಯಾಕೆ?

ಮೂಲೆಯಲ್ಲಿ ಕುರ್ಚಿಗೆ ಕಟ್ಟಿಹಾಕಿಸಿಕೊಂಡು ಕೂತಿದ್ದವರು ತೋಕ್ ಸುದಿನ್. ಎಪ್ಪತ್ತನಾಲ್ಕು ವರ್ಷ. ಅರಮನೆಯಲ್ಲಿ ಬಿರುದು ಓದುವ ಹಿರಿಯರು.

ಅವರನ್ನು ಬಿಡಿಸಲು ಬಂದವನು ನಾನು.

ಅವರೇ ನನ್ನನ್ನು ಉಳಿಸುತ್ತಿದ್ದರು!

ಆ ದಿನ ಬೆಳಿಗ್ಗೆ ಆರೂವರೆಗೆ ನಾನು ಗಾಡಿ ಅಂಗಡಿಯ ಮುಂದೆ ನಾಸಿ ಲೆಮಾಕ್ ಅನ್ನದ ಪೊಟ್ಟಣ ಬಿಚ್ಚುತ್ತಿದ್ದೆ. ಫೋನ್ ಬಂತು. ಅರಮನೆಯ ಕಾರ್ಯದರ್ಶಿ ದಾತುಕ್ ನಜೀಮ್.

"ಜಮ್ರಿ! ತೋಕ್ ಸುದಿನ್‌ನ ಎತ್ತಾಕ್ಕೊಂಡು ಹೋಗಿದ್ದಾರೆ!"

"ಪೊಲೀಸ್‌ಗೆ ಹೇಳಿ ದಾತುಕ್."

"ಅವರಿಗೆ ಹೇಳಿದ್ರೆ ಪೇಪರ್‌ನೋರಿಗೆ ಗೊತ್ತಾಗುತ್ತೆ. ಅವರಿಗೆ ಗೊತ್ತಾದ್ರೆ ಸುಲ್ತಾನರಿಗೆ ಗೊತ್ತಾಗುತ್ತೆ. ಅವರಿಗೆ ಗೊತ್ತಾದ್ರೆ ನಾನು ಹೋದೆ!"

"ಎಲ್ಲಿಗೆ?"

"ಮನೆಗೆ!"

ಪಾಪ, ಹೆದರಿದ್ದರಲ್ಲಿ ತಪ್ಪಿಲ್ಲ. ಅಂದು ಸುಲ್ತಾನರ ಹುಟ್ಟುಹಬ್ಬ. ಹತ್ತು ಗಂಟೆಗೆ ದರ್ಬಾರು. ಅರಮನೆಯ ನೊಬತ್ತು ವಾದ್ಯ ನಿಂತ ಕೂಡಲೇ ರಾಣಿ ಸಲ್ಬಿಯಾ ಅವರ ಬಿರುದು, ತಾರೆ, ಪದಕ ಎಲ್ಲವನ್ನೂ ಒಂದೂ ಬಿಡದೆ ಓದಬೇಕು. ಒಟ್ಟು ನಲವತ್ತೊಂಬತ್ತು! ಓದದೆ ಬಿಟ್ಟ ಬಿರುದು ಮುಂದಿನ ಹುಟ್ಟುಹಬ್ಬದ ತನಕ ರಾಣಿಯದಲ್ಲ. ಕಾಗದಕ್ಕೆ ಇಳಿಸುವಂತಿಲ್ಲ, ಬಾಯಿಂದ ಬಾಯಿಗೇ ಬರಬೇಕು. ಬರುತ್ತಿದ್ದದ್ದು ಒಂದೇ ಬಾಯಿಗೆ. ಆ ಬಾಯಿ ಕಾಣೆಯಾಗಿತ್ತು.

ತೋಕ್ ಬರದಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ರಾಣಿ ಬರೀ ಸಲ್ಬಿಯಾ!

ಮಸೀದಿಯ ಮೆಟ್ಟಿಲ ಹತ್ತಿರ ತೋಕ್ ಅವರ ಒಂದು ಚಪ್ಪಲಿ ಸಿಕ್ಕಿತು. ಪಕ್ಕದಲ್ಲಿ ಲಾರಿಯ ಗಾಲಿ ಗುರುತು. ಗುರುತಿನಿಂದ ಏಳುತ್ತಿದ್ದ ನಾತ ಬೆಲಾಚಾನ್‌ನದು. ಆಮೇಲೆ ನನ್ನ ಮೂಗೇ ದಾರಿ ತೋರಿಸಿತು.

ಸರಿ, ಶೆಡ್‌ಗೆ ವಾಪಸ್ಸು.

ಏಳು ಬಿರುದಿಗೆ ಒಂದು ಉಸಿರು. ಒಂದು ಗುಟುಕು ನೀರು. ಅದು ಓದಿನ ನಿಯಮ. ಆ ಗುಟುಕು ಗಂಟಲಿಳಿಯುವ ತನಕ ಜನ ಕೆಮ್ಮಬಹುದು, ಕಾಲು ಬದಲಿಸಬಹುದು, ಬೆನ್ನು ಕೆರೆದುಕೊಳ್ಳಬಹುದು.

"...ಯುವತಿಯರ ಸ್ಕೌಟ್ ದಳದ ಮಹಾಮಾತೆ!" ಏಳನೆಯದು ಮುಗಿಯಿತು. "ಕಡ್ಡೀ, ನೀರು!"

ಕಡ್ಡಿ ಅಂದರೆ ಬೋಳನ ಜೊತೆಗಾರ. ನಲವತ್ತು ದಾಟಿದ ಒಣಕಲ. ಬಾಟಲಿ ಹಿಡಿದು ಓಡಿಬಂದ.

ನಾನು ಬೋಳನ ಮೊಣಕಾಲಿಗೆ ಒದ್ದೆ. ಅವನು ಮಚ್ಚು ಬೀಸಿದ. ಬಗ್ಗಿದೆ! ಮಚ್ಚು ಕಂಬಕ್ಕೆ ನೆಟ್ಟಿತು. ಮುಷ್ಟಿ ಎತ್ತಿದೆ...

"ರಾಜ್ಯ ಅಗ್ನಿಶಾಮಕ ದಳದ ಗೌರವ ಕರ್ನಲ್..."

ನನ್ನ ಮುಷ್ಟಿ ಅವನ ಮೂಗಿನಿಂದ ಒಂದು ಅಂಗುಲ ದೂರದಲ್ಲಿ ನಿಂತಿತು. ಒಂದೂವರೆ ನಿಮಿಷ ಹಾಗೇ. ಅವನ ಕಣ್ಣು ಮೆಳ್ಳಗಣ್ಣಾಯಿತು.

"ಉಗುರು ಕತ್ತರಿಸ್ಕೊಳ್ಳೋ ಕೊಳಕಾ," ಅಂದ ತುಟಿಯಲ್ಲೇ.

"ಮುಂದಿನ ಗುಟುಕಿಗೆ ತೋರಿಸ್ತೀನಿ ಇರು!"

ತೋರಿಸಿದೆ. ಬೋಳ ಹಿಂದಕ್ಕೆ ಹಾರಿ ಸೀಗಡಿ ತೊಟ್ಟಿಗೆ ಬಿದ್ದ. ಬುಳಕ್! ಮೂರನೆಯ ಏಳು ಶುರುವಾಗುತ್ತಲೇ ಸೊಂಟದವರೆಗೆ ಕೊಳೆತ ಸೀಗಡಿಯಲ್ಲಿ ನೆಟ್ಟಗೆ ಎದ್ದು ನಿಂತು ಕೈ ಮುಗಿದ. ಭಕ್ತಿ ಅಂದರೆ ಅದು!

ಮುಂದಿನ ಗುಟುಕಿಗೆ ತೋಕ್ ಅವರ ಹಗ್ಗ ಬಿಚ್ಚಿದೆ. ಅದರ ಮುಂದಿನದಕ್ಕೆ ಬಾಗಿಲು ದಾಟಿದೆವು. ಐದನೆಯದಕ್ಕೆ ಹಲಗೆ ಸೇತುವೆ. ಆರನೆಯದಕ್ಕೆ ದೋಣಿ ಹತ್ತಿದೆವು.

ಜೊತೆಗೆ ಕಡ್ಡಿಯೂ ಹತ್ತಿದ! ಕೈಯಲ್ಲಿ ಅದೇ ಬಾಟಲಿ.

"ನೀನ್ಯಾಕೋ?" ಅಂದೆ.

"ಓದೋರಿಗೆ ನೀರು ಕೊಡೋನು ಅರ್ಧಕ್ಕೆ ಬಿಟ್ಟು ಹೋಗೋ ಹಾಗಿಲ್ಲಣ್ಣ." ಅಳುವ ಹಾಗಿದ್ದ. "ನಾನೀಗ ಯಾರ ಕಡೆ ತೋಕ್?"

"ಬಾಟಲಿ ಕಡೆ. ಮುಚ್ಚಳ ಹಾಕು, ಚೆಲ್ಲುತ್ತೆ," ಅಂದರು ತೋಕ್.

ಓದು ಮುಗಿಯಿತು. ನಾನು ಎಂಜಿನ್ ಹಗ್ಗ ಎಳೆದೆ. ಹಿಂದೆ ಬೋಳ ತೊಟ್ಟಿಯಿಂದ ಹಾರಿ, ಕಂಬದ ಮಚ್ಚು ಕಿತ್ತುಕೊಂಡು ಓಡಿಬಂದು ಇನ್ನೊಂದು ದೋಣಿಗೆ ಬಿದ್ದ.

ಹೊಳೆಯ ಮೇಲೆ ಬೆನ್ನಟ್ಟುವುದು ಸಿನಿಮಾದಲ್ಲಿ ಚೆಂದ. ನಮ್ಮ ಹೊಳೆ ಹಾವಿನ ಹಾಗೆ ಹರಿಯುತ್ತದೆ. ಎರಡೂ ದಡದಲ್ಲಿ ಕಾಂಡ್ಲಾ ಬೇರುಗಳ ಬೇಲಿ. ಅಲ್ಲಲ್ಲಿ ಮೊಸಳೆ. ಬೋಳನ ಎಂಜಿನ್ ನನ್ನದಕ್ಕಿಂತ ದೊಡ್ಡದು. ಐದೇ ನಿಮಿಷದಲ್ಲಿ ಅವನ ದೋಣಿ ನಮ್ಮ ಬಾಲ ಹಿಡಿಯಿತು. ಮಚ್ಚು ಮತ್ತೆ ಮೇಲೆದ್ದಿತು...

"ತೋಕ್! ಓದಿ!"

"ಏಳು ಅಳಿವೆಗಳ ಒಡತಿ..."

ಬೋಳ ಕಲ್ಲು. ನಾನು ಕಲ್ಲು. ಕಡ್ಡಿ ಕಲ್ಲು.

ಎಂಜಿನ್‌ಗೆ ಮಾತ್ರ ರಾಜಭಕ್ತಿ ಇಲ್ಲ!

ಮುಂದೆ ತಿರುವು ಬಂತು. ಚುಕ್ಕಾಣಿ ನನ್ನ ಕೈಯಲ್ಲೇ ಇದೆ. ತಿರುಗಿಸುವಂತಿಲ್ಲ! ಐದನೆಯ ಬಿರುದು... ಆರನೆಯದು... ಬೇರುಗಳು ಹತ್ತಿರ ಬಂದವು. ತೋಕ್ ಅವಸರ ಮಾಡುವ ಆಸಾಮಿಯೇ ಅಲ್ಲ.

"ಯುವತಿಯರ... ಸ್ಕೌಟ್... ದಳದ..."

ಧಡ್!

ನಮ್ಮ ಹಿಂದೆ ಬೋಳ. ಇನ್ನೊಂದು ಧಡ್!

ಕೆಸರಿನಿಂದ ತಲೆ ಎತ್ತಿ ನೋಡಿದೆ. ತೋಕ್ ಬೇರಿನ ಮೇಲೆ ಕೂತು ಟೋಪಿ ಸರಿ ಮಾಡಿಕೊಳ್ಳುತ್ತಿದ್ದರು. ಕಡ್ಡಿ ಕುತ್ತಿಗೆ ಮಟ್ಟದ ನೀರಿನಲ್ಲಿ ಬಾಟಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ.

"ಮಹಾಮಾತೆ ಅನ್ನೋದು ಉಳೀತು," ಅಂದರು ತೋಕ್. "ಅರ್ಧಕ್ಕೆ ನಿಂತ್ರೆ ಲೆಕ್ಕಕ್ಕಿಲ್ಲ. ಮೊದಲಿಂದ ಓದ್ಬೇಕು."

"ತೋಕ್, ನಿಮ್ಮ ಕಾಲು ಹಿಡೀತೀನಿ! ಎಂಟನೆಯದ್ರಿಂದ ಶುರು ಮಾಡಿ ಸಾಕು!"

"ಅಕ್ಕಿ ತೊಳೀದೆ ಅನ್ನಕ್ಕಿಡ್ತೀಯೇನೋ ನೀನು? ಮೂವತ್ತೊಂಬತ್ತು ವರ್ಷ ಆಯ್ತು ಮಗಾ. ಹೆಂಡ್ತಿ ಸತ್ತ ವರ್ಷವೂ ಓದಿದೀನಿ. ಒಂದು ಅಕ್ಷರ ಬಿಟ್ಟಿಲ್ಲ."

ಬೇರುಗಳಿಂದ ದೋಣಿ ಬಿಡಿಸಿ ಹತ್ತಿದ ಮೇಲೆ ಮೊದಲಿಂದ ಓದಿದರು. ಆ ಹೊಳೆಯಲ್ಲಿ ಮೂರು ಸಲ ಬೋಳ ಹತ್ತಿರ ಬಂದ, ಮೂರು ಸಲವೂ ಓದಿದರು. ಗುಟುಕಿಗೊಮ್ಮೆ ನಾನು ಚುಕ್ಕಾಣಿ ತಿರುಗಿಸಿದೆ, ಗುಟುಕಿಗೊಮ್ಮೆ ಅವನೂ ತಿರುಗಿಸಿದ. ಒಂದು ಸಲವಂತೂ ಎರಡೂ ದೋಣಿ ಪಕ್ಕಪಕ್ಕದಲ್ಲೇ ಒಂದು ಮೈಲು ತೇಲಿದವು. ನಾನೂ ಅವನೂ ಕೈ ಮುಗಿದುಕೊಂಡು ಮುಖಕ್ಕೆ ಮುಖ ಕೊಟ್ಟು ನಿಂತಿದ್ದೆವು. ದಡದಲ್ಲಿ ಬಲೆ ತೊಳೆಯುತ್ತಿದ್ದವರೂ ಎದ್ದು ನಿಂತರು. ಅರಮನೆಯ ಮೆರವಣಿಗೆ ಅಂದುಕೊಂಡಿರಬೇಕು.

ಅರಮನೆಯ ಹಿಂಬದಿಯ ಕಟ್ಟೆ ಮುಟ್ಟಿದಾಗ ಒಂಬತ್ತು ನಲವತ್ತು.

"ಗೆದ್ವಿ ತೋಕ್!" ಅಂದೆ.

ತೋಕ್ ಬಾಯಿ ತೆರೆದರು. ಗಾಳಿ ಬಂತು, ದನಿ ಬರಲಿಲ್ಲ.

ಅವರು ಗಂಟಲು ಮುಟ್ಟಿಕೊಂಡರು. ಮತ್ತೆ ಪ್ರಯತ್ನಿಸಿದರು. ತುಕ್ಕು ಹಿಡಿದ ಬಾಗಿಲಿನ ಕಿರ್ ಸದ್ದು, ಅಷ್ಟೇ. ಮುದುಕರ ಕಣ್ಣಲ್ಲಿ ನೀರು ತುಂಬಿತು.

ಬಿಸಿನೀರು, ಉಪ್ಪು, ಶುಂಠಿ... ಏನಾದರೂ ಸಿಗಲಿ ಅಂತ ಅವರನ್ನು ಎಳೆದುಕೊಂಡು ಅರಮನೆಯ ಅಡುಗೆಮನೆಗೆ ನುಗ್ಗಿದೆ.

ಅಲ್ಲಿ ಒಲೆಯ ಪಕ್ಕ, ಅಕ್ಕಿ ಮೂಟೆಯ ಮೇಲೆ ರಾಣಿ ಕೂತಿದ್ದರು!

ಹಳದಿ ರೇಷ್ಮೆ. ಎಡ ಭುಜದಿಂದ ಬಲ ಸೊಂಟಕ್ಕೆ ಒಂದು ಪಟ್ಟಿ, ಬಲದಿಂದ ಎಡಕ್ಕೆ ಇನ್ನೊಂದು. ಎದೆಯ ತುಂಬ ತಾರೆ. ಯಾವುದೋ ಹಿಮದ ದೇಶದ ರಾಜ ಕೊಟ್ಟ ಬಿಳಿ ಜಿಂಕೆ ಪದಕ ಹೊಟ್ಟೆಯ ಹತ್ತಿರ ನೇತಾಡುತ್ತಿತ್ತು, ಮೇಲೆ ಜಾಗವಿರಲಿಲ್ಲ. ಕೈಯಲ್ಲಿ ಮೀನಿನ ಹಪ್ಪಳ.

ನನ್ನನ್ನು ನೋಡಿ ಹಪ್ಪಳ ಕೆಳಗಿಟ್ಟರು.

"ಥೂ! ಕರ್ಕೊಂಡು ಬಂದೇಬಿಟ್ಯಾ?"

ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಹಿಂಬಾಗಿಲಿನಿಂದ ಬೋಳ ನುಗ್ಗಿದ. ಮೈತುಂಬ ಸೀಗಡಿ, ಕೈಯಲ್ಲಿ ಮಚ್ಚು.

"ಬೋಳಾ!" ರಾಣಿ ಗದರಿದರು. "ಮಚ್ಚು ಯಾಕೋ ತಗೊಂಡೆ? ಹತ್ತೂವರೆ ತನಕ ಚಹಾ ಕೊಟ್ಟು ಕೂರಿಸ್ಕೋ ಅಂದಿದ್ದೆ ನಾನು!"

"ಚಹಾ ಕೊಟ್ಟೆ ಅಕ್ಕಾ... ಸಕ್ಕರೆ ಜಾಸ್ತಿ ಅಂತ ಬೈದ್ರು!"

ಅಕ್ಕ! ಬೋಳ ರಾಣಿಯ ಚಿಕ್ಕಮ್ಮನ ಮಗ. ರಾಣಿ ಮದುವೆಗೆ ಮುಂಚೆ ಹೊಳೆಯಾಚೆಯ ಊರಿನ ಸೂಲಗಿತ್ತಿ. ಇದು ಎಲ್ಲರಿಗೂ ಗೊತ್ತು. ಬಿರುದು ಬೇಡ ಅಂತ ಬಿರುದು ಓದುವವರನ್ನೇ ಎತ್ತಿಸಿದ್ದು ಅವರೇ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ.

ತೋಕ್ ನೆಲದ ಮೇಲೆ ಕುಸಿದು ಕೂತರು. ಕೈ ಜೋಡಿಸಿದರು. ಬಹಳ ಕಷ್ಟಪಟ್ಟು ಪಿಸುಗುಟ್ಟಿದರು.

"ನನ್ನ ಓದು... ಭಾರ ಆಯ್ತಾ ತುವಾಂಕು?"

ರಾಣಿ ಮೂಟೆಯಿಂದ ಎದ್ದರು. ಪಾತ್ರೆ ಅಂಗಡಿ ಉರುಳಿದ ಹಾಗೆ ಸದ್ದಾಯಿತು. ಮುದುಕರ ಮುಂದೆ ಕುಕ್ಕರಗಾಲಲ್ಲಿ ಕೂತರು.

"ನಿಮ್ಮ ಓದಲ್ಲ ತೋಕ್. ಆ ಮೂವತ್ತೊಂದನೆಯದು."

ಮೂವತ್ತೊಂದನೆಯದು ನನಗೂ ಗೊತ್ತು. 'ಹಳದಿ ಕೊಡೆಯ ನೆರಳಿನ ನಿತ್ಯನಿವಾಸಿನಿ.' ಆ ಬಿರುದು ಇರುವವರು ಹೊಸ್ತಿಲು ದಾಟಿದರೆ ಸಾಕು, ಮೇಲೆ ಕೊಡೆ, ಹಿಂದೆ ಆರು ಜನರ ವಾದ್ಯ. ಎರಡು ನಗಾರಿ, ಎರಡು ಡೋಲು, ಒಂದು ತುತ್ತೂರಿ, ಒಂದು ಶಹನಾಯಿ. ಎಲ್ಲಿ ಹೋದರೂ. ಬಚ್ಚಲಿಗೆ ಮಾತ್ರ ರಿಯಾಯಿತಿ.

"ಅಮ್ಮ ಸತ್ತ ದಿನ ಹೋದೆ," ಅಂದರು ರಾಣಿ. "ಹೆಣ ಮನೆಯಲ್ಲಿದೆ, ಅಂಗಳದಲ್ಲಿ ಡೋಲು! ನಿಲ್ಸಿ ಅಂದೆ. ನಿಲ್ಸೋ ಹಾಗಿಲ್ವಂತೆ. ನನ್ನ ಅಕ್ಕ ಸಮಿಯಾ ಬಾಗಿಲಿಗೆ ಬಂದು, 'ಕೊಡೆ ಬಿಟ್ಟು ಬರೋ ಹಾಗಿದ್ರೆ ಬಾ, ಇಲ್ದಿದ್ರೆ ನನ್ನ ಹೆಣಕ್ಕೂ ಬರ್ಬೇಡ' ಅಂದ್ಲು. ನಾಲ್ಕು ವರ್ಷ ಆಯ್ತು. ಈಗ ಅವಳಿಗೆ ಹುಷಾರಿಲ್ಲ. ಮಳೆಗಾಲ ದಾಟೋದು ಕಷ್ಟ ಅಂತ ಡಾಕ್ಟರು ಹೇಳಿದ್ದಾರೆ. ಅರಮನೆ ಮಂಡಳೀನ ಆರು ಸಲ ಕೇಳ್ದೆ, ಕೊಡೆ ತೆಗೀರಿ ಅಂತ. ಸಂಪ್ರದಾಯ ಅಂದ್ರು. ಅದಕ್ಕೇ... ಒಂದು ವರ್ಷ ಎಲ್ಲಾ ಹೋಗ್ಲಿ ಅಂದ್ಕೊಂಡೆ. ನಲವತ್ತೊಂಬತ್ತೂ ಹೋಗ್ಲಿ."

ಬೋಳ ಮೂಗು ಸೀಟಿದ.

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಒಬ್ಬ ಮುದುಕನಿಗೆ ಅದೇ ಬದುಕು. ಒಬ್ಬ ಹೆಂಗಸಿಗೆ ಅದೇ ಬೇಡಿ. ನಡುವೆ ನಾನು, ಒದ್ದೆ ಪ್ಯಾಂಟಿನಲ್ಲಿ.

ಹೊರಗೆ ನೊಬತ್ತು ಮೊಳಗಿತು!

ದಾತುಕ್ ನಜೀಮ್ ಓಡಿಬಂದರು. "ತೋಕ್! ಸದ್ಯ ಬದುಕಿದ್ದೀರಲ್ಲ! ಬನ್ನಿ ಬನ್ನಿ!"

ತೋಕ್ ತಲೆಯಾಡಿಸಿದರು. ಗಂಟಲು ತೋರಿಸಿದರು. ನಜೀಮ್ ಮುಖ ಸುಣ್ಣವಾಯಿತು.

ಆಮೇಲೆ ತೋಕ್ ನನ್ನತ್ತ ಬೆರಳು ಮಾಡಿದರು.

"ಇವನಾ? ಇವನಿಗೇನು ಬರುತ್ತೆ?" ಅಂದರು ನಜೀಮ್.

ಬರುತ್ತಿತ್ತು, ಏನು ಮಾಡಲಿ? ಸಾರ್ಜೆಂಟ್ ಆಗಿದ್ದಾಗ ಹನ್ನೆರಡು ಹುಟ್ಟುಹಬ್ಬ ದರ್ಬಾರಿನ ಬಾಗಿಲು ಕಾದಿದ್ದೆ. ಅವತ್ತು ಬೆಳಿಗ್ಗೆಯಂತೂ ನಾಲ್ಕು ಸಲ, ಕದಲದೆ, ಕಿವಿ ಮುಚ್ಚಿಕೊಳ್ಳಲೂ ಆಗದೆ ಕೇಳಿದ್ದೆ. ಹಾಳಾದದ್ದು, ಬಾಯಿಗೆ ಬಂದುಬಿಟ್ಟಿತ್ತು!

"ಜಮ್ರಿ," ರಾಣಿ ನನ್ನ ಕಣ್ಣನ್ನೇ ನೋಡಿದರು. "ಮೂವತ್ತು ಆದ್ಮೇಲೆ ಏನು ಬರುತ್ತೆ?"

ನಾನು ತೋಕ್ ಕಡೆ ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

ಐದು ನಿಮಿಷಕ್ಕೆ ನಾನು ದರ್ಬಾರಿನ ನಡುವೆ ನಿಂತಿದ್ದೆ. ಯಾರದೋ ಕೋಟು, ಯಾರದೋ ಟೋಪಿ. ಕಾಲಲ್ಲಿ ಕೆಸರು. ಎದುರಿಗೆ ಸಿಂಹಾಸನದಲ್ಲಿ ಸುಲ್ತಾನರು, ಪಕ್ಕದಲ್ಲಿ ರಾಣಿ. ಎರಡೂ ಬದಿಗೆ ಮುನ್ನೂರು ಜನ. ನನ್ನ ಪಕ್ಕ ಬೆಳ್ಳಿಕಟ್ಟಿನ ಕೋಲು ಹಿಡಿದು ತೋಕ್ ಸುದಿನ್. ಓದು ತಪ್ಪಿದರೆ ಅವರು ಆ ಕೋಲನ್ನು ಮೂರು ಸಲ ನೆಲಕ್ಕೆ ಕುಟ್ಟಬೇಕು. ಕುಟ್ಟಿದರೆ ಮೊದಲಿಂದ ಓದಬೇಕು. ಅದಕ್ಕೆ ದನಿ ಬೇಕಿಲ್ಲ.

ನನ್ನ ಹಿಂದೆ ಕಡ್ಡಿ. ಬಾಟಲಿ ಹಿಡಿದುಕೊಂಡು!

ಶುರು ಮಾಡಿದೆ.

ಕಠಾರಿ ತಾರೆ ಆಯಿತು. ಅಗ್ನಿಶಾಮಕ ಕರ್ನಲ್ ಆಯಿತು. ಇರುವ ಒಂದೇ ಹಡಗಿನ ನೌಕಾದಳದ ಗೌರವ ದಂಡನಾಯಕಿ ಆಯಿತು. ಬ್ಯಾಡ್ಮಿಂಟನ್ ಸಂಘದ ಮಹಾಪೋಷಕಿ, ಆರ್ಕಿಡ್ ಬೆಳೆಗಾರರ ಕುಲದೇವಿ, ಬಿಳಿ ಜಿಂಕೆ ಪದಕ... ನಾಲ್ಕು ಗುಟುಕು ಆಯಿತು. ಬೆವರು ಕಣ್ಣಿಗಿಳಿಯಿತು.

ಇಪ್ಪತ್ತೊಂಬತ್ತು.

ಮೂವತ್ತು.

ನಾನು ನಿಂತೆ. ರಾಣಿಯ ಕೈ ಮಡಿಲಲ್ಲಿ ಬಿಗಿಯಾಗಿತ್ತು. ಅವರ ಎದೆಯ ಪದಕಗಳು ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು.

ಮಚ್ಚಿನ ಕೆಳಗೆ ನಿಂತಾಗ ಇಷ್ಟು ಹೆದರಿರಲಿಲ್ಲ ನಾನು.

"ಮೂರು ನದೀದ್ವೀಪಗಳ ಅನ್ನದಾತೆ," ಅಂದೆ.

ಅದು ಮೂವತ್ತೆರಡನೆಯದು.

ನಜೀಮ್ ಬಾಯಿ ತೆರೆದರು. ಸುಲ್ತಾನರ ಹುಬ್ಬು ಮೇಲೇರಿತು. ಮುನ್ನೂರು ತಲೆ ತೋಕ್ ಸುದಿನ್ ಕಡೆ ತಿರುಗಿದವು.

ತೋಕ್ ಕೋಲು ಎತ್ತಿದರು.

ಮುಗಿಯಿತು ಅಂದುಕೊಂಡೆ. ಮೂವತ್ತೊಂಬತ್ತು ವರ್ಷ ಒಂದು ಅಕ್ಷರ ಬಿಡದ ಮನುಷ್ಯ. ಕೋಲು ಮೇಲೇ ನಿಂತಿತ್ತು. ಅವರು ರಾಣಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

ಆಮೇಲೆ ಆ ಬೆಳ್ಳಿಕಟ್ಟಿನ ಕೋಲನ್ನು ಹಿಂದಕ್ಕೆ ತಂದು, ಸುಲ್ತಾನರ ಸಮ್ಮುಖದಲ್ಲಿ, ಆರಾಮಾಗಿ ಬೆನ್ನು ಕೆರೆದುಕೊಂಡರು!

ಕೋಲು ಕುಟ್ಟದ ಮೇಲೆ ತಪ್ಪಿಲ್ಲ. ತಪ್ಪಿಲ್ಲದ ಮೇಲೆ ಓದು ಸರಿ. ಉಳಿದದ್ದನ್ನು ಒಂದೇ ಓಟದಲ್ಲಿ ಮುಗಿಸಿದೆ.

ಅದೇ ಮಧ್ಯಾಹ್ನ ನಾನೇ ದೋಣಿಗೆ ಹುಟ್ಟು ಹಾಕಿದೆ. ರಾಣಿ ಹತ್ತಿ ಸೀರೆಯ ಹಾಗಿನ ಹಳೆಯ ಸರೋಂಗ್ ಉಟ್ಟು, ತಲೆಗೆ ಬಟ್ಟೆ ಸುತ್ತಿ ಕೂತಿದ್ದರು. ಬಿಸಿಲು ನೇರವಾಗಿ ಮುಖಕ್ಕೆ ಬೀಳುತ್ತಿತ್ತು. ಮುಖ ತಿರುಗಿಸಲಿಲ್ಲ.

ಆಚೆ ದಡದ ಮನೆಯ ಮುಂದೆ ಸಮಿಯಾ ಮಂಚದ ಮೇಲೆ ಮಲಗಿದ್ದಳು. ಎಲುಬು ಚರ್ಮ ಆಗಿದ್ದಳು. ಕಣ್ಣು ಕಿರಿದು ಮಾಡಿ ತಂಗಿಯನ್ನು ನೋಡಿದಳು. ಅವಳ ಹಿಂದೆ ನೋಡಿದಳು. ಮೇಲೆ ನೋಡಿದಳು.

"ಕೊಡೆ ಎಲ್ಲೇ?"

"ಕಳೆದುಹೋಯ್ತು ಅಕ್ಕ."

"ಹಾಳಾಗಿ ಹೋಗ್ಲಿ. ಒಲೆ ಮೇಲೆ ಮೀನಿದೆ, ಸೀದುಹೋಗುತ್ತೆ. ತಿರುವಿ ಹಾಕು ಹೋಗು."

ರಾಣಿ ಅಳುತ್ತಾ ಮೀನು ತಿರುವಿ ಹಾಕಿದರು. ನನ್ನ ಕಣ್ಣಿಗೆ ಹೊಗೆ ಹೋಯಿತು ಅಂತ ಜೊತೆಗೆ ಬಂದಿದ್ದ ಬೋಳನಿಗೆ ಹೇಳಿದೆ. ಅವನೂ ಅದನ್ನೇ ಹೇಳಿದ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು!

ಮರುದಿನ ನಜೀಮ್ ಅರಮನೆಯ ಕಾನೂನು ಪುಸ್ತಕ ಎತ್ತಿಕೊಂಡು ಬಂದರು. ಇನ್ನೂರು ವರ್ಷ ಯಾರೂ ತೆರೆಯದ ಪುಟ. ಕನ್ನಡಕ ಏರಿಸಿ ಓದಿದರು.

"ಓದಿನಲ್ಲಿ ಬಿಟ್ಟುಹೋದ ಬಿರುದು ನೆಲಕ್ಕೆ ಬೀಳಕೂಡದು. ಮುಂದಿನ ಹುಟ್ಟುಹಬ್ಬದವರೆಗೆ, ಬಿಟ್ಟ ಓದುಗನೇ ಅದನ್ನು ಧರಿಸತಕ್ಕದ್ದು."

"ಅಂದ್ರೆ?" ಅಂದೆ.

ಅವರು ಕಿಟಕಿಯ ಹೊರಗೆ ಕೈ ತೋರಿಸಿದರು. ಅಂಗಳದಲ್ಲಿ ಹಳದಿ ಕೊಡೆ ಬಿಚ್ಚಿ ಒಬ್ಬ ನಿಂತಿದ್ದ. ಹಿಂದೆ ಆರು ಜನ, ನಗಾರಿ ಸಮೇತ.

ಐದು ತಿಂಗಳಾಯಿತು. ಕಾಫಿಗೆ ಹೋದರೆ ಡೋಲು. ಕ್ಷೌರಕ್ಕೆ ಹೋದರೆ ಶಹನಾಯಿ. ಮೊನ್ನೆ ಒಬ್ಬ ಕಳ್ಳನನ್ನು ಹಿಡಿಯಲು ಗೋಡೆ ಹಾರಿದೆ. ಕೊಡೆಯವನೂ ಹಾರಿದ.

ಇಷ್ಟು ಹೊತ್ತು ಕೂತು ಕೇಳಿದಿರಿ, ಸಂತೋಷ. ನಿಮ್ಮ ಗಂಡ ಪ್ರತಿ ಗುರುವಾರ ಎಲ್ಲಿಗೆ ಹೋಗುತ್ತಾರೆ ಅಂತ ಗುಟ್ಟಾಗಿ ಹಿಂಬಾಲಿಸಿ ತಿಳಿಸಬೇಕು, ಅಷ್ಟೇ ತಾನೇ? ಕೇಸ್ ಒಪ್ಪಿಕೊಂಡೆ.

ಒಂದೇ ಪ್ರಶ್ನೆ ಮೇಡಂ... ನಿಮ್ಮ ಯಜಮಾನರಿಗೆ ಕಿವಿ ಎಷ್ಟರಮಟ್ಟಿಗೆ ಕೇಳಿಸುತ್ತೆ?